ಸಲಾಮತ್ ಎಂಬ ಮಾತು

ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ದಾಟುತ್ತಿದ್ದಾಗ, ಗಲ್ಫಿನಿಂದ ರಜೆಗೆ ಬಂದಿದ್ದ ನೆರೆಮನೆಯ ಹುಡುಗ ಹೇಳಿದ: "ನನ್ನ ರೂಮಿನಲ್ಲಿರುವ ಫಿಲಿಪಿನೋ ಕ್ರೈಸ್ತ. ಆದರೆ ಉಪಕಾರ ಮಾಡಿದರೆ 'ಸಲಾಮತ್' ಅನ್ನುತ್ತಾನೆ. ಮುಖಕ್ಕೂ 'ಮುಖಾ' ಅಂತಲೇ ಅನ್ನುತ್ತಾನೆ!"

ಒಂದು ನಾನು ಉರ್ದು ತರಗತಿಯಲ್ಲಿ ಕಲಿತ ಪದ, ಇನ್ನೊಂದು ಕನ್ನಡ ತರಗತಿಯಲ್ಲಿ ಕಲಿತದ್ದು. ಎರಡೂ ಎಂದೋ ಕಡಲು ದಾಟಿ ಅಲ್ಲಿಯವೇ ಆಗಿಬಿಟ್ಟಿವೆ.

ಆ ದೇಶದ ಹೆಸರೂ ಹೊರಗಿನದೇ, ಸ್ಪೇನಿನ ದೊರೆ ಎರಡನೇ ಫಿಲಿಪ್‌ನದು. ಅವರಲ್ಲಿ ರಾಷ್ಟ್ರಾಭಿಮಾನ ಎಬ್ಬಿಸಿದ ಹೊಸೆ ರಿಸಾಲ್ ಕಾದಂಬರಿ ಬರೆದದ್ದು ಸ್ಪ್ಯಾನಿಷಿನಲ್ಲಿ. 1896ರಲ್ಲಿ ಸ್ಪೇನಿನ ಆಡಳಿತವೇ ಅವರನ್ನು ಗುಂಡಿಟ್ಟು ಕೊಂದಿತು. ಮಿಂದನಾವೊದ ಮುಸ್ಲಿಮರು ಸ್ಪೇನಿನವರು ತಾತ್ಸಾರದಿಂದ ಕರೆದ 'ಮೊರೊ' ಎಂಬ ಹೆಸರನ್ನೇ ಹೆಮ್ಮೆಯಿಂದ ತೊಟ್ಟರು. 1987ರ ಸಂವಿಧಾನ ಫಿಲಿಪಿನೋ ಭಾಷೆಯನ್ನು ರಾಷ್ಟ್ರಭಾಷೆ ಎಂದಿತು. ಅದರ ಬುಡ ತಗಾಲೋಗ್. ಆದರೂ ಮನೆಯಲ್ಲಿ ಸೆಬುವಾನೊ, ಇಲೊಕಾನೊ ಆಡುವವರು ಲಕ್ಷಾಂತರ ಮಂದಿ.

ನಮ್ಮ ಬ್ಯಾರಿ ಭಾಷೆಯಲ್ಲೂ ಮಲಯಾಳ, ತುಳು, ಅರಬಿ ಎಲ್ಲ ಬೆರೆತಿವೆ. 'ಬ್ಯಾರಿ' ಎಂಬ ಹೆಸರು ತುಳುವಿನ 'ಬ್ಯಾರ', ಅಂದರೆ ವ್ಯಾಪಾರದಿಂದ ಬಂತೆನ್ನುತ್ತಾರೆ. ಶಾಲೆಯಲ್ಲಿ ಅದು ನನಗೆ ಗೇಲಿಯ ಮಾತಾಗಿ ಕೇಳಿಸುತ್ತಿತ್ತು. ಒಮ್ಮೆ ಉಮ್ಮ ಶಾಲೆಗೆ ಬಂದು ಬ್ಯಾರಿಯಲ್ಲಿ ಕರೆದಾಗ ನಾನು ಉರ್ದುವಿನಲ್ಲಿ ಉತ್ತರಿಸಿದ್ದೆ. ಉಮ್ಮನಿಗೆ ಉರ್ದು ಬರುತ್ತಿರಲಿಲ್ಲ. ಸುಮ್ಮನೆ ಬುತ್ತಿ ಕೊಟ್ಟು ಹೋಗಿದ್ದರು.

2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು. ಸಂತೋಷವೇ. ಆದರೆ ಯಾವ ಅಕಾಡೆಮಿಯೂ ಅಂದಿನ ನನ್ನ ಉತ್ತರವನ್ನು ತಿದ್ದಲಾರದು. ಎರವಲು ಪದಗಳಿಂದ ಯಾರ ಗುರುತೂ ಸುಳ್ಳಾಗುವುದಿಲ್ಲ. ನಾಚಿ ಬಚ್ಚಿಟ್ಟಾಗ ಸುಳ್ಳಾಗುತ್ತದೆ.

ಉಮ್ಮ ಈಗಿಲ್ಲ. ದೋಣಿ ದಡ ಮುಟ್ಟುವವರೆಗೂ ಆ ಹುಡುಗನೊಂದಿಗೆ ನಾನು ಬ್ಯಾರಿಯಲ್ಲೇ ಮಾತಾಡಿದೆ.