ಹೊಡೆಯುವವರೂ ಮರಳಿಸುವವರೂ

ಟೇಬಲ್ ಟೆನ್ನಿಸ್ ಆಡುವವರಲ್ಲಿ ಎರಡು ಜಾತಿ. ಚೆಂಡು ಬಂದೊಡನೆ ಹೊಡೆದು ಮುಗಿಸಿಬಿಡಬೇಕೆನ್ನುವವರದು ಒಂದು. ಬಂದ ಚೆಂಡನ್ನು ಹೇಗಾದರೂ ಬಲೆಯ ಆಚೆಗೆ ಮರಳಿಸಿದರೆ ಸಾಕು, ತಪ್ಪುವ ಕೆಲಸವನ್ನು ಎದುರಾಳಿಯೇ ನೋಡಿಕೊಳ್ಳುತ್ತಾನೆ ಎನ್ನುವವರದು ಇನ್ನೊಂದು. ಈ ಎರಡು ಜಾತಿಗಳ ನಡುವೆ ಇರುವಷ್ಟು ವೈಮನಸ್ಯ ದಾಯಾದಿಗಳಲ್ಲೂ ಇರಲಾರದು. ಹೊಡೆಯುವವನು ಸೋತರೆ 'ನಾನು ಸೋತೆ' ಎನ್ನುವುದಿಲ್ಲ. 'ಅದೂ ಒಂದು ಆಟವೇ?' ಎನ್ನುತ್ತಾನೆ. ನೋಡುವ ಜನವೂ ಸಾಮಾನ್ಯವಾಗಿ ಅವನ ಕಡೆಗೇ. ಮರಳಿಸುವವನಿಗೆ ಚಪ್ಪಾಳೆ ದೊರೆಯುವುದು ಬಹುಮಟ್ಟಿಗೆ ಅವನು ಸೋತ ಮೇಲೆಯೇ.

ನನಗೆ ಈ ಆಟ ಬಾರದು. ಬಾರದೆಂಬ ಯೋಗ್ಯತೆಯ ಮೇಲೆಯೇ ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯ ಮನರಂಜನಾ ಸಮಿತಿಗೆ ನನ್ನನ್ನು ಕಾರ್ಯದರ್ಶಿಯನ್ನಾಗಿ ಮಾಡಿದ್ದಾರೆ. ಆಡಬಲ್ಲವನನ್ನು ಕೂರಿಸಿದರೆ ಪಕ್ಷಪಾತಿಯಾದಾನು ಎಂದು ಅವರ ಎಣಿಕೆ. ಸಮಿತಿಯ ಆಸ್ತಿಯೆಂದರೆ ಒಂದು ಕೇರಂ ಹಲಗೆ, ಎರಡು ಚದುರಂಗ, ಒಂದು ಟೇಬಲ್ ಟೆನ್ನಿಸ್ ಮೇಜು. ಚೆಂಡಿನ ತೂಕ 2.7 ಗ್ರಾಮು, ಫ್ಯಾನು ಹಾಕಿದರೆ ಅದು ತನ್ನಿಚ್ಛೆಯಂತೆ ತೇಲಿಹೋಗುತ್ತದೆ. ಹೀಗಾಗಿ ಏಪ್ರಿಲ್ ತಿಂಗಳ ಸೆಕೆಯಲ್ಲಿಯೂ ಫ್ಯಾನು ಆರಿಸಿ, ಪಾಳಿ ಮುಗಿಸಿ ಬಂದವರು ಬೆವರುತ್ತ ಆಡುತ್ತಾರೆ. ನಾವು ಬೆವರುತ್ತ ನೋಡುತ್ತೇವೆ.

ನೋಡುವುದೆಂದರೆ ಇಬ್ಬರನ್ನೇ. ಒಬ್ಬರು ಬಾಯ್ಲರ್ ವಿಭಾಗದವರು, ಇನ್ನೊಬ್ಬರು ಉಗ್ರಾಣದವರು. ಬಾಯ್ಲರಿನವರು ಮೇಜಿನಿಂದ ಎರಡು ಹೆಜ್ಜೆ ಹಿಂದೆ ನಿಂತು, ಮೊಣಕಾಲು ಮಡಿಸಿ, ಕೆಳಗಿನಿಂದ ಮೇಲಕ್ಕೆ ಚೆಂಡನ್ನು ಸವರಿ ಎತ್ತುತ್ತಾರೆ. ಆ ಚೆಂಡು ಬಲೆ ದಾಟಿದ ಕೂಡಲೇ ಬುಗುರಿಯಂತೆ ತಿರುಗುತ್ತ ಕೆಳಕ್ಕೆ ಧುಮುಕಿ, ಮೇಜು ಮುಟ್ಟಿದ ಮೇಲೆ ಮುನ್ನುಗ್ಗುತ್ತದೆ. ಉಗ್ರಾಣದವರು ಮೇಜಿಗೆ ಒತ್ತಿಕೊಂಡು ನಿಲ್ಲುತ್ತಾರೆ. ಅಂಗಿಯ ಮೇಲಿನ ಗುಂಡಿಯನ್ನೂ ಬಿಚ್ಚುವುದಿಲ್ಲ. ಅವರ ಬ್ಯಾಟಿನ ಕೆಂಪು ಮಗ್ಗುಲು ಎಲ್ಲರಂತೆ ನುಣುಪು. ಕಪ್ಪು ಮಗ್ಗುಲಿನಲ್ಲಿ ಉದ್ದುದ್ದ ರಬ್ಬರು ಮೊಳೆಗಳು. ಚೆಂಡು ತಾಗಿದಾಗ ಆ ಮೊಳೆಗಳು ಬಾಗುತ್ತವೆ; ಚೆಂಡನ್ನು ಹಿಡಿದು ಅದರ ಸುತ್ತನ್ನು ನಿಲ್ಲಿಸುವುದಿಲ್ಲ. ಚೆಂಡು ಮೊದಲು ಯಾವ ಕಡೆಗೆ ಸುತ್ತುತ್ತಿತ್ತೋ ಆ ಕಡೆಗೇ ಸುತ್ತುತ್ತ ಮರಳುತ್ತದೆ. ಬದಲಾದದ್ದು ಪ್ರಯಾಣದ ದಿಕ್ಕು ಮಾತ್ರ. ಹೋಗುವಾಗ ಮುಂದಕ್ಕೆ ಉರುಳುತ್ತಿದ್ದದ್ದು ಬರುವಾಗ ಹಿಂದಕ್ಕೆ ಉರುಳುತ್ತಿರುತ್ತದೆ. ಎಷ್ಟು ಬಿರುಸಾಗಿ ಸುತ್ತಿಸಿ ಕಳುಹಿಸಿದಿರೋ ಅಷ್ಟೇ ವಿಷ ಹಿಂದಿರುಗುತ್ತದೆ. ಮಾಡಿದ್ದುಣ್ಣೋ ಮಹಾರಾಯ ಎಂಬುದೇ ಆ ರಬ್ಬರಿನ ನ್ಯಾಯ. ಬಾಯ್ಲರಿನವರು ಇನ್ನೊಮ್ಮೆ ಬೀಸುತ್ತಾರೆ. ಚೆಂಡು ಬಲೆಯ ಬುಡಕ್ಕೆ ಬೀಳುತ್ತದೆ.

"ನೋಡಿ ಸಾರ್, ಇವರು ಆಡೋದೇ ಇಲ್ಲ. ನಾನು ಆಡಿದ್ದನ್ನೇ ನನಗೆ ವಾಪಸ್ ಕೊಡ್ತಾರೆ" ಎಂದು ಅವರು ನನ್ನ ಬಳಿ ದೂರುತ್ತಾರೆ.

"ಉಗ್ರಾಣದಲ್ಲಿ ಇನ್ನೇನು ಸ್ವಾಮಿ ಕೆಲಸ? ಬಂದದ್ದನ್ನ ಲೆಕ್ಕಕ್ಕೆ ಹಿಡಿದು, ಕೇಳಿದವರಿಗೆ ಕೊಡೋದು" ಎನ್ನುತ್ತಾರೆ ಇವರು.

ಬಾಯ್ಲರಿನವರ ದೂರು ಹೊಸತಲ್ಲ. 1952ರಲ್ಲಿ ಮುಂಬಯಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಜಪಾನಿನಿಂದ ಹಿರೋಜಿ ಸಾತೋ ಎಂಬ ಕನ್ನಡಕದ ಮನುಷ್ಯ ದಪ್ಪ ಸ್ಪಂಜು ಅಂಟಿಸಿದ ಬ್ಯಾಟು ಹಿಡಿದು ಬಂದ. ಆವರೆಗೆ ಎಲ್ಲರದೂ ಗಿಡ್ಡ ಮೊಳೆಯ ಗಟ್ಟಿ ರಬ್ಬರು. ಬ್ಯಾಟಿಗೆ ಚೆಂಡು ತಗುಲಿದ ಸದ್ದಿನಿಂದಲೇ ಎದುರಾಳಿ ಅದರ ವೇಗವನ್ನು ಊಹಿಸುತ್ತಿದ್ದ. ಸಾತೋನ ಬ್ಯಾಟಿನಿಂದ ಸದ್ದೇ ಬರಲಿಲ್ಲ. ಯುರೋಪಿನ ಘಟಾನುಘಟಿಗಳು ಕಿವುಡರಂತೆ ನಿಂತರು. ಹಂಗೆರಿಯ ಕೋಜಿಯಾನನನ್ನು ಫೈನಲಿನಲ್ಲಿ ಸೋಲಿಸಿ ಸಾತೋ ಚಾಂಪಿಯನ್ನನಾದ. 'ಇದು ಆಟವಲ್ಲ, ಸ್ಪಂಜು' ಎಂಬ ಗೊಣಗಾಟಕ್ಕೆ ಕೊನೆಯಿರಲಿಲ್ಲ. 1959ರಲ್ಲಿ ಬರಿಯ ದಪ್ಪ ಸ್ಪಂಜನ್ನು ನಿಷೇಧಿಸಿ, ರಬ್ಬರು ಸ್ಪಂಜು ಎರಡೂ ಸೇರಿ 4 ಮಿಲಿಮೀಟರಿಗೆ ಮೀರಬಾರದು ಎಂದು ನಿಯಮ ಮಾಡಿದರು. ಬಾಯ್ಲರಿನವರು ಇಂದು 'ನಿಜವಾದ ಆಟ'ವೆಂದು ಎದೆತಟ್ಟಿಕೊಳ್ಳುವ ಸವರುಹೊಡೆತ ಸಾಧ್ಯವಾಗಿರುವುದು ಆ ತೆಳು ಸ್ಪಂಜಿನಿಂದಲೇ. ಈ ಸಂಗತಿಯನ್ನು ಅವರಿಗೆ ತಿಳಿಸಿದ ದಿನ ಅವರು ನನ್ನ ಜೊತೆ ಕಾಫಿಗೆ ಬರಲಿಲ್ಲ.

ಮುಂದೆ ಕೆಲವರು ಎರಡು ಮಗ್ಗುಲಿಗೂ ಒಂದೇ ಬಣ್ಣದ, ಆದರೆ ಬೇರೆಬೇರೆ ಗುಣದ ರಬ್ಬರು ಅಂಟಿಸಿ, ಆಟದ ನಡುವೆ ಬ್ಯಾಟನ್ನು ಬೆರಳಲ್ಲಿ ತಿರುವಿ, ಯಾವ ಮಗ್ಗುಲಲ್ಲಿ ಹೊಡೆದರೆಂಬುದು ತಿಳಿಯದಂತೆ ಮಾಡುತ್ತಿದ್ದರು. 1986ರಿಂದ ಒಂದು ಮಗ್ಗುಲು ಕೆಂಪು ಇನ್ನೊಂದು ಕಪ್ಪು ಎಂದು ವಿಧಿಸಿದರು. 2021ರಿಂದ ಕೆಂಪಿನ ಬದಲು ಬೇರೆ ಬಣ್ಣಗಳಿಗೂ ಅವಕಾಶವಾಗಿದೆ. ಇದು ಸರಿಯಾದ ನಿಯಮವೆಂದೇ ನನಗೆ ತೋರುತ್ತದೆ. ಮೋಸ ಬೇರೆ, ಕೌಶಲ ಬೇರೆ.

ಮರಳಿಸುವವರ ಪರವಾಗಿ ವಾದಿಸುವಾಗ ನಾನು ಪಕ್ಕದ ಆಟದಿಂದಲೂ ಸಾಕ್ಷಿ ತರುವುದುಂಟು. 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲಿನಲ್ಲಿ ಇಂಡೊನೇಷ್ಯದ ಲಿಯೆಮ್ ಸ್ವೀ ಕಿಂಗ್ ಹಾರಿ ಹಾರಿ ಹೊಡೆಯಲು ನಿಂತಿದ್ದ. ಹಿಂದಿನ ಎರಡು ವರ್ಷವೂ ಪ್ರಶಸ್ತಿ ಅವನದೇ. ನಮ್ಮ ಪ್ರಕಾಶ್ ಪಡುಕೋಣೆ ಅವನಿಗೆ ಹೊಡೆಯುವಂಥದೇನನ್ನೂ ಕೊಡದೆ, ಮೆಲ್ಲಗೆ ಅತ್ತ ಇತ್ತ ಇಳಿಸಿ 15-3, 15-10ರಿಂದ ಗೆದ್ದರು. ಉಗ್ರಾಣದವರಿಗೆ ಈ ಅಂಕಿಗಳು ಬಾಯಿಪಾಠ.

ಇಷ್ಟೆಲ್ಲ ಹರಟೆಯಾಗಿಯೇ ಉಳಿಯುತ್ತಿತ್ತೇನೋ; ಆದರೆ ಮೈಸೂರಿನಲ್ಲಿ ಕಾರ್ಖಾನೆಗಳ ನಡುವಣ ಪಂದ್ಯಕ್ಕೆ ಒಬ್ಬರ ಹೆಸರು ಕಳುಹಿಸಬೇಕೆಂದು ಕಾಗದ ಬಂತು. ಕಳುಹಿಸುವವನು ಕಾರ್ಯದರ್ಶಿ. ಇಬ್ಬರಿಗೂ ಹೋಗುವ ಆಸೆ. ಉಗ್ರಾಣದವರಿಗೆ ನಿವೃತ್ತಿ ಹತ್ತಿರ. ಅವರಿಗೆ ಇದೇ ಕೊನೆಯ ಅವಕಾಶ. ಪರಸ್ಪರ ಆಡಿದಾಗ ಗೆಲ್ಲುತ್ತಿದ್ದವರೂ ಅವರೇ. ಆದರೆ ಒಂದು ವಿಚಿತ್ರವಿತ್ತು: ಬಾಯ್ಲರಿನವರನ್ನು ಸೋಲಿಸುವ ಅದೇ ಮನುಷ್ಯ ನೆನ್ನೆ ಮೊನ್ನೆ ಸೇರಿದ ಅಪ್ರೆಂಟಿಸ್ ಹುಡುಗನಿಗೆ ಸೋಲುತ್ತಿದ್ದರು. ಹುಡುಗನಿಗೆ ಸುತ್ತಿಸಲು ಬಾರದು, ಸುಮ್ಮನೆ ತಳ್ಳುತ್ತಾನೆ. ಏನನ್ನೂ ತಾರದವನಿಗೆ ಉಗ್ರಾಣ ಏನನ್ನು ಮರಳಿಸೀತು?

ಇದೇ ಸಂದಿಗ್ಧ ನನಗಿಂತ ದೊಡ್ಡವರಿಗೂ ಬಂದಿತ್ತು. 2024ರ ಫೆಬ್ರುವರಿಯಲ್ಲಿ ಬೂಸಾನಿನ ವಿಶ್ವ ತಂಡ ಪಂದ್ಯದಲ್ಲಿ ಐಹಿಕಾ ಮುಖರ್ಜಿ, ಸ್ಪಿನ್ ಹಿಡಿಯದ ಜಾರು ರಬ್ಬರಿನ ಬ್ಯಾಟಿನಿಂದ, ಜಗತ್ತಿನ ಮೊದಲನೆಯ ಸ್ಥಾನದಲ್ಲಿದ್ದ ಚೀನದ ಸುನ್ ಯಿಂಗ್‌ಷಾಳನ್ನೇ 3-1ರಿಂದ ಸೋಲಿಸಿದರು. ಅಂದು ಶ್ರೀಜಾ ಅಕುಲಾ ಕೂಡ ಗೆದ್ದರೂ ಭಾರತ 2-3ರಿಂದ ಸೋತಿತು. ಆದರೂ ಪ್ಯಾರಿಸ್ ಒಲಿಂಪಿಕ್ಸಿಗೆ ತಂಡದ ಮೂರನೆಯ ಸ್ಥಾನ ದೊರೆತದ್ದು ಹೊಡೆದಾಡುವ ಬೆಂಗಳೂರಿನ ಅರ್ಚನಾ ಕಾಮತರಿಗೆ. ಐಹಿಕಾ ಕಾದಿರಿಸಿದ ಆಟಗಾರ್ತಿ. ಪತ್ರಿಕೆಗಳಲ್ಲಿ ಆಕ್ಷೇಪಣೆ ಎದ್ದಿತು. ನಮ್ಮವರೆಂಬ ಸಂತೋಷ ಒಂದು ಕಡೆ. ಆದರೆ ಮನಸ್ಸು ಐಹಿಕಾರ ಕಡೆಗೇ ವಾಲುತ್ತಿತ್ತು. ಆಗಸ್ಟಿನಲ್ಲಿ ಕ್ವಾರ್ಟರ್ ಫೈನಲಿನಲ್ಲಿ ಜರ್ಮನಿ ನಮ್ಮನ್ನು 3-1ರಿಂದ ಮುಗಿಸಿತು. ಆ ಒಂದನ್ನು ತಂದವರು ಅರ್ಚನಾ: ರಿಯೊ ಒಲಿಂಪಿಕ್ಸಿನಲ್ಲಿ ಜರ್ಮನಿಯ ತಂಡದೊಡನೆ ಬೆಳ್ಳಿ ಗೆದ್ದಿದ್ದ ಷಾನ್ ಷಿಯಾವೊನಾಳ ಎದುರು ಮೊದಲ ಗೇಮನ್ನು 19-17ರವರೆಗೆ ಎಳೆದು ಗೆದ್ದರು, ಎರಡನೆಯದರಲ್ಲಿ 1-11 ಎಂದು ನೆಲಕಚ್ಚಿ, ಮತ್ತೆ ಎದ್ದು, ಮುಂದಿನ ಎರಡನ್ನೂ ತಮ್ಮದಾಗಿಸಿಕೊಂಡರು. ಅದೇ ತಿಂಗಳು ಅವರು ಆಟ ಬಿಟ್ಟು ಓದಲು ಅಮೆರಿಕಕ್ಕೆ ಹೊರಟ ಸುದ್ದಿ ಬಂತು. ಆಗ ವಯಸ್ಸು 24. ಆ ದಿನ ಉಗ್ರಾಣದವರು, "ಹೊಡೆಯೋರು ಹೋದರೆ ನಾವು ಯಾರದನ್ನ ಮರಳಿಸೋದು ಸ್ವಾಮಿ?" ಎಂದದ್ದು ನನಗೆ ನೆನಪಿದೆ.

ನಾನು ಬಾಯ್ಲರಿನವರ ಹೆಸರು ಬರೆದು ಕಳುಹಿಸಿದೆ. ಗೊತ್ತಿಲ್ಲದ ಎದುರಾಳಿಗಳ ಮುಂದೆ ತನ್ನ ಆಟವನ್ನು ತಾನೇ ಕಟ್ಟಬಲ್ಲವನು ಬೇಕು, ಎದುರಾಳಿಯ ಸರಕನ್ನು ನಂಬಿದವನಲ್ಲ ಎಂಬುದು ನನ್ನ ವಿಚಾರ. ಉಗ್ರಾಣದವರು ಎರಡು ದಿನ ಮೇಜಿನ ಕಡೆ ಸುಳಿಯಲಿಲ್ಲ. ಮೂರನೆಯ ಸಂಜೆ ಬ್ಯಾಟು ಹಿಡಿದು ಬಂದು, "ಅಭ್ಯಾಸಕ್ಕೆ ಯಾರಾದರೂ ಬೇಕಲ್ಲ" ಎಂದರು. ಎರಡು ವಾರ ದಿನವೂ ಕಪ್ಪು ಮಗ್ಗುಲಿನಿಂದಲೇ ಆಡಿದರು.

ಮೈಸೂರಿನಲ್ಲಿ ಬಾಯ್ಲರಿನವರು ಮೂರನೆಯ ಸುತ್ತಿನವರೆಗೆ ಹೋದರು. ಎರಡನೆಯ ಸುತ್ತಿನ ಎದುರಾಳಿಯ ಬ್ಯಾಟಿನಲ್ಲಿ ಉದ್ದ ಮೊಳೆಯ ರಬ್ಬರು ಕಂಡಾಗ ಇವರ ಮುಖದಲ್ಲಿ ಮೂಡಿದ ನಗೆಯನ್ನು ನೋಡಬೇಕಿತ್ತು. ಒಂದು ಬಿರುಸಿನ ಚೆಂಡು, ಒಂದು ಸುತ್ತಿಲ್ಲದ ಚೆಂಡು, ಮತ್ತೆ ಒಂದು ಬಿರುಸು. ಆ ಮನುಷ್ಯ ಮೂರು ಗೇಮುಗಳಲ್ಲಿ ಮುಗಿದುಹೋದ. ಗ್ಯಾಲರಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಉಗ್ರಾಣದವರು ಚಪ್ಪಾಳೆ ತಟ್ಟಲಿಲ್ಲ. "ಅಯ್ಯೋ, ಇಷ್ಟು ಕಲಿತುಬಿಟ್ಟಿದ್ದಾರೆ" ಎಂದು ಚಿಂತೆಯಿಂದ ಗದ್ದ ಕೆರೆದುಕೊಂಡರು.

ಸೋಮವಾರ ಸಮಿತಿಗೆ ಒಂದು ಇಂಡೆಂಟು ಬಂತು: ಜಾರು ರಬ್ಬರು, ಕಪ್ಪು ಬಣ್ಣ, ಒಂದು. ಅರ್ಜಿದಾರರು ಉಗ್ರಾಣದವರು. ನಿಯಮದಂತೆ ಇನ್ನೊಬ್ಬ ಸದಸ್ಯರ ಶಿಫಾರಸು ಬೇಕು. ಬಾಯ್ಲರಿನವರು ಸಹಿ ಹಾಕಿ, ಪಕ್ಕದಲ್ಲಿ 'ತುರ್ತು' ಎಂದು ಬರೆದಿದ್ದಾರೆ.