ಆಗುಂಬೆಯ ಏಳನೆಯ ತಿರುವು

ಸೂರ್ಯಾಸ್ತವನ್ನು ನೋಡಲೆಂದು ಆಗುಂಬೆಗೆ ಹೋಗುವವರು ಘಾಟಿಯ ನೆತ್ತಿಯ ಕಟ್ಟೆಯನ್ನಷ್ಟೇ ಬಲ್ಲರು; ಕೆಳಗಿನ ಏರುದಾರಿಯ ಸಂಸಾರವೇ ಬೇರೆ. ಸೋಮೇಶ್ವರದ ಕಾಡು ಹಿಂದಾದೊಡನೆ ರಸ್ತೆ ಒಮ್ಮೆಗೇ ಮೇಲೇಳುತ್ತದೆ. ಅದರ 14 ತಿರುವುಗಳು ದೊಡ್ಡ ಲಾರಿಗಳನ್ನು ಒಲ್ಲವು. ಈ ದಾರಿಯಾಗಿ ಮಲ್ಪೆಯ ಮೀನು ತೀರ್ಥಹಳ್ಳಿಗೆ ಏರುವುದು ಚಿಕ್ಕ ಪಿಕಪ್‌ಗಳ ಬೆನ್ನ ಮೇಲೆ.

ಅಂಥದೊಂದು ಮುದಿ ಡೀಸೆಲ್ ಪಿಕಪ್, ಬಯಲಿನಲ್ಲಿ ಚೆನ್ನಾಗಿಯೇ ಓಡಿಬಂದದ್ದು, ಏಳನೆಯ ತಿರುವಿನಲ್ಲಿ ಕೆಮ್ಮಿ, ತಡವರಿಸಿ, ನಿಂತುಬಿಟ್ಟಿತು. ಹಿಂದೆ ಬಂಗುಡೆಯ ಪೆಟ್ಟಿಗೆಗಳು; ಐಸು ಆಗಲೇ ಕರಗಿ ಹನಿಯತೊಡಗಿತ್ತು. ಐಸು ತೀರಿದರೆ ಮೀನೂ ಹೋಯಿತು, ದಕ್ಕೆಯಲ್ಲಿ ಅದಕ್ಕೆಂದು ಮಾಡಿದ ಸಾಲ ಮಾತ್ರ ಉಳಿಯಿತು.

“ಪಂಪು ಹೋಯಿತು, ಬಿಚ್ಚಿಬಿಡಿ” ಎಂದು ಚಾಲಕನ ಅವಸರ. ಹೆಬ್ರಿಯಿಂದ ಬೈಕಿನಲ್ಲಿ ಬಂದ ಹಿರಿಯ ಮಿಸ್ತ್ರಿ ಪಂಪನ್ನು ಮುಟ್ಟಲಿಲ್ಲ. ಅದು ಬೆಂಗಳೂರಿನ ಮೈಕೊ ಪಂಪು. 1951ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಹೆಸರು 2008ರಲ್ಲಿ ಬಾಷ್ ಎಂದು ಬದಲಾದರೂ ಗ್ಯಾರೇಜಿನವರ ಬಾಯಲ್ಲಿ ಇನ್ನೂ ಮೈಕೊ. ಅದರ ಒಳಗಿನ ಭಾಗಗಳ ನಡುವಣ ಸಂದು ಕೂದಲೆಳೆಗಿಂತ ಎಷ್ಟೋ ಪಾಲು ಕಿರಿದು; ಘಾಟಿಯ ಧೂಳಿನಲ್ಲಿ ಬಿಚ್ಚುವ ವಸ್ತುವಲ್ಲ.

“ಹೊಗೆ ಯಾವ ಬಣ್ಣ ಇತ್ತು?” ಎಂದು ಕೇಳಿದ ಮಿಸ್ತ್ರಿ. ಕಪ್ಪಾಗಿದ್ದರೆ ಗಾಳಿಗೆ ಮೀರಿ ಡೀಸೆಲ್ ಬಂತೆಂದು ತಿಳಿಯಬಹುದಿತ್ತು. ಹೊಗೆಯೇ ಕಂಡಿರಲಿಲ್ಲ, ಎಂಜಿನ್ ಹಸಿದಿತ್ತು. ಫಿಲ್ಟರಿನ ತಳದಲ್ಲಿ ನೀರಿರಲಿಲ್ಲ. ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪನ್ನು ಒತ್ತಿದಾಗ ನೊರೆ ಬುಸುಗುಟ್ಟಿತು. ನೊರೆ ಕಳೆದು ತಿಳಿ ಡೀಸೆಲ್ ಬಂದೊಡನೆ ಸ್ಕ್ರೂ ಬಿಗಿದ. ಎಂಜಿನ್ ಸ್ಟಾರ್ಟ್ ಆಯಿತು. ಐದು ನಿಮಿಷಕ್ಕೆ ಮತ್ತೆ ಮೌನ.

“ಗಾಳಿ ಹೋಗುವಷ್ಟು ತೂತಿದ್ದರೆ ಡೀಸೆಲ್ ಸೋರಬೇಕಲ್ಲ, ಮಿಸ್ತ್ರಿಗಳೇ?”

“ಹೇಗೆ ಸೋರುವುದು ಮಾರಾಯ? ಅಲ್ಲಿ ಎಳೆತ ಉಂಟು, ಒತ್ತಡ ಇಲ್ಲ.”

ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಪಂಪು ಹೀರಿಕೊಳ್ಳುತ್ತದೆ. ಆ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಗಾಳಿ ಒಳನುಗ್ಗೀತೇ ಹೊರತು ಹೊರಗೆ ಹನಿ ಕಾಣದು. ವಾಹನದ ಮೂತಿ ಮೇಲಾದಾಗ ಹಿಂದಿನ ಟ್ಯಾಂಕು ಎಂಜಿನ್ನಿಗಿಂತ ಇನ್ನಷ್ಟು ಕೆಳಗಾಗುವುದರಿಂದ ಎಳೆತವೂ ಹೆಚ್ಚುತ್ತದೆ. ಬಯಲಿನಲ್ಲಿ ಅಡಗಿದ್ದ ರೋಗ ಘಾಟಿಯಲ್ಲಿ ತೋರಿಕೊಂಡದ್ದು ಹೀಗೆ.

ಮಿಸ್ತ್ರಿ ಕ್ಯಾನಿನಲ್ಲಿದ್ದ ಡೀಸೆಲನ್ನು ಬೇರೊಂದು ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಕೊಟ್ಟ. ಕಾಲು ಗಂಟೆಯಾದರೂ ಎಂಜಿನ್ ತಡವರಿಸಲಿಲ್ಲ. ಪಂಪು ನಿರಪರಾಧಿ! ಹುಡುಕುತ್ತ ಹೋದಾಗ ಟ್ಯಾಂಕಿನ ಬಳಿಯ ರಬ್ಬರ್ ಪೈಪು ಕ್ಲಿಪ್ಪಿನ ಅಡಿಯಲ್ಲಿ ಸೀಳಿತ್ತು. ಸೀಳಿದ ತುದಿಯನ್ನು ಕೊಯ್ದು ಮತ್ತೆ ಬಿಗಿಯಲು ಹತ್ತು ನಿಮಿಷ ಸಾಕಾಯಿತು.

ಕೂಲಿಯ ಜೊತೆಗೆ ಚಾಲಕ ಕೊಟ್ಟ ಬಂಗುಡೆಯ ಕಟ್ಟನ್ನು ಬೈಕಿಗೆ ತೂಗಹಾಕಿಕೊಂಡು ಮಿಸ್ತ್ರಿ ಇಳಿದ. ಪಿಕಪ್ ಎಂಟನೆಯ ತಿರುವಿನಲ್ಲಿ ಮರೆಯಾಯಿತು. ಅದು ನಿಂತಿದ್ದೆಡೆಯಲ್ಲಿ ಐಸಿನ ನೀರಿನ ಒದ್ದೆ ಗುರುತು. ಅದನ್ನು ಮೂಸುತ್ತ ಒಂದು ಮಂಗ.