ಅವ್ವ ನೀರು ಕುಡಿದ ವಿಮಾನ

ಬಸ್ಸಿನಲ್ಲಿ ಕೆಂಪು ಬಸ್ಸು, ರಾಜಹಂಸ, ಐರಾವತ ಇದ್ದ ಹಾಗೆ ವಿಮಾನದಲ್ಲೂ ದರ್ಜೆಗಳಿವೆ. ಅಲ್ಲಿ ಮಾತ್ರ ಎಲ್ಲವೂ ಒಂದೇ ಗಾಡಿಯೊಳಗೆ, ನಡುವೆ ಒಂದು ಪರದೆ. ಏರ್ ಇಂಡಿಯಾದ ಹಲವು ಎ320 ವಿಮಾನಗಳಲ್ಲಿ ಮುಂದೆ 8 ಬಿಸಿನೆಸ್ ಸೀಟು, ಅದರ ಹಿಂದೆ 24 ಪ್ರೀಮಿಯಂ ಎಕಾನಮಿ, ಉಳಿದದ್ದು ನಮ್ಮಂಥವರಿಗೆ. ಎಲ್ಲರಿಗೂ ಒಂದೇ ನಮೂನೆ ಸೀಟು ಕೊಡುತ್ತಿದ್ದ ಇಂಡಿಗೊ ಕೂಡ 2024ರ ನವೆಂಬರಿನಲ್ಲಿ ದೆಹಲಿ–ಮುಂಬೈ ನಡುವೆ ‘ಸ್ಟ್ರೆಚ್’ ಹೆಸರಿನ 12 ದೊಡ್ಡ ಸೀಟು ಶುರು ಮಾಡಿತು.

ಸುದ್ದಿಗಿಷ್ಟು ಎಂದು ದುಡ್ಡು ಎಣಿಸುವ ನಮಗೆ ಈ ಮುಂದಿನ ಸೀಟಿನ ಉಸಾಬರಿ ಬಂದದ್ದು ತಂಗಿಯ ಬಾಣಂತನದಿಂದ. ತಂಗಿ ಇರುವುದು ದೆಹಲಿಯಲ್ಲಿ. ಅವ್ವನಿಗೆ ಮೊಣಕಾಲು ಮಡಚಲು ಬರುವುದಿಲ್ಲ. ಕಲಬುರಗಿಯಿಂದ ಬಸ್ಸಿನಲ್ಲಿ ಹೈದರಾಬಾದು, ಅಲ್ಲಿಂದ ವಿಮಾನ. ಟಿಕೆಟ್ ತೆಗೆಸಿದ್ದು ತಂಗಿಯ ಗಂಡ.

ಹೋಗುವಾಗ ಇಬ್ಬರಿಗೂ ಪ್ರೀಮಿಯಂ ಎಕಾನಮಿ. ಹಿಂದಿನಂತೆಯೇ ಮೂರು–ಮೂರು ಸೀಟಿನ ಸಾಲು, ಕಾಲಿಗೆ ಮೂರ್ನಾಲ್ಕು ಬೆರಳು ಹೆಚ್ಚು ಜಾಗ. ಊಟ ಚಲೋ ಇತ್ತು. ಅವ್ವ ಮುಟ್ಟಲಿಲ್ಲವೆಂದು ಎರಡೂ ತಟ್ಟೆ ನಾವೇ ಖಾಲಿ ಮಾಡಿದೆವು. ಕೊಟ್ಟ ನೀರಿನ ಬಾಟಲಿಯನ್ನು ಅವಳು ತೆರೆಯಲೇ ಇಲ್ಲ. ಮುಂದಿನ ಶೌಚಾಲಯ ಬಿಸಿನೆಸ್‌ನವರಿಗೆ, ನೀವು ಹಿಂದಕ್ಕೆ ಹೋಗಿ ಎಂದಿದ್ದರು. ಇಪ್ಪತ್ತು ಸಾಲು ದಾಟಿ, ಸೀಟು ಹಿಡಿದು ಹಿಡಿದು, ಆ ಕಾಲಿನಲ್ಲಿ?

“ನೀರ ಕುಡೀಲಿಲ್ಲಂದ್ರ ಆತಲ್ಲ” ಎಂದಳು. ನಮ್ಮ ಕಡೆ ಹೆಣ್ಣುಮಕ್ಕಳು ದೂರದ ಬಸ್ಸು ಹತ್ತುವಾಗ ಮಾಡುವ ಲೆಕ್ಕ ಇದೇ. ಅದು ವಿಮಾನದೊಳಗೂ ಬಂದಿತ್ತು. ತಂಗಿ ಇದನ್ನು ಕೇಳಿ ಗಂಡನ ಜೊತೆ ಏನು ಮಾತಾಡಿದಳೋ, ಮೂರು ತಿಂಗಳ ನಂತರ ಬರುವಾಗ ಅವ್ವನಿಗೆ ಬಿಸಿನೆಸ್ ಟಿಕೆಟ್. ದುಡ್ಡು ಹೆಚ್ಚುಕಡಿಮೆ ಎರಡರಷ್ಟು. ನಾವು ಪರದೆ ಆಚೆ, 23ನೇ ಸಾಲಿನಲ್ಲಿ. ಮುಂದೆ ಅವಳೊಬ್ಬಳೇ ಏನು ಮಾಡುತ್ತಾಳೋ ಎಂಬ ಚಿಂತೆಯಲ್ಲಿ ನಮಗೇ ನೀರು ಇಳಿಯಲಿಲ್ಲ.

ಇಳಿದ ಮೇಲೆ ವರದಿ ಸಿಕ್ಕಿತು. ಎರಡು–ಎರಡು ಸೀಟು, ಕಾಲು ನೀಡಿ ಕೂತಿದ್ದಾಳೆ. ಬಿಸಿ ಟವೆಲ್ ಕೊಟ್ಟರಂತೆ, ಮುಖ ಒರೆಸಿಕೊಂಡು ಎಲ್ಲಿ ತೊಳೆದುಕೊಡಲಿ ಎಂದು ಕೇಳಿದಳಂತೆ. ಪಿಂಗಾಣಿ ತಟ್ಟೆಯ ಸುದ್ದಿ ಒಂದೇ ಮಾತಿನಲ್ಲಿ ಮುಗಿಯಿತು. “ನಾಕ ಹೆಜ್ಜಿಗೆ ಬಾತ್‌ರೂಮು. ಎರಡ ಸಲ ಹೋಗಿ ಬಂದೆ. ಚಾ ಕುಡದೆ, ನೀರ ಕುಡದೆ.”

ಹೈದರಾಬಾದಿನಲ್ಲಿ ಕಲಬುರಗಿ ಬಸ್ಸು ಹತ್ತಿದ್ದೇ ಬಾಟಲಿ ಮತ್ತೆ ಚೀಲ ಸೇರಿತು.

ನಮ್ಮ ಅಭಿಪ್ರಾಯ ಕೇಳಿದರೆ, ಎರಡು–ಮೂರು ತಾಸಿನ ಹಾದಿಗೆ ಪ್ರೀಮಿಯಂ ಎಕಾನಮಿ ಊಟಕ್ಕೆ ಕೊಡುವ ದುಡ್ಡು. ಕಾಲು ನೋವಿದ್ದವರಿಗೆ ಬಿಸಿನೆಸ್ ನಿಜಕ್ಕೂ ಆರಾಮ, ಆದರೆ 2025ರ ಸೆಪ್ಟೆಂಬರ್ 22ರಿಂದ ಎಕಾನಮಿ ಮೇಲಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ 18. ಎಕಾನಮಿಗೆ ಶೇ 5 ಮಾತ್ರ. ಪೂರ್ತಿ ಎಕಾನಮಿ ಇರುವ ವಿಮಾನ ಸಿಕ್ಕರೆ, ಸ್ವಲ್ಪ ಹೆಚ್ಚು ಕೊಟ್ಟು ಮೊದಲ ಸಾಲಿನ ಹಾದಿ ಬದಿಯ ಸೀಟು ಹಿಡಿಯಿರಿ. ಅಲ್ಲಿ ಮುಂದಿನ ಶೌಚಾಲಯ ಎಲ್ಲರಿಗೂ. ತುರ್ತು ಬಾಗಿಲ ಪಕ್ಕದ ಸಾಲಿನಲ್ಲಿ ಜಾಗ ಬಹಳ ಇರುತ್ತದೆ, ಆದರೆ ಕಾಲು ಸರಿ ಇಲ್ಲದವರನ್ನು ಅಲ್ಲಿ ಕೂರಿಸುವುದಿಲ್ಲ. ಗಾಲಿ ಕುರ್ಚಿ ಬೇಕಿದ್ದರೆ ಯಾವ ದರ್ಜೆಯವರೂ ಕೇಳಬಹುದು. ಟಿಕೆಟ್ ತೆಗೆಸುವಾಗಲೇ ಹೇಳಿಬಿಡಿ.